ಗ್ರಂಥಿ ಸರ್ ಮತ್ತು ಏಳನೆಯ ಮಾದರಿ

ಅವರು ಪತ್ರಿಕೆಯಿಂದ ಕತ್ತರಿಸಿ ತೆಗೆದ ಸುದ್ದಿಗಳ ಮೂಲೆಗಳೆಲ್ಲ ತುಸು ದುಂಡಗಿರುತ್ತಿದ್ದವು. ಕಪ್ಪೆ ಕೊಯ್ಯುವ ಬಾಗಿದ ಕತ್ತರಿಯಲ್ಲಿ ಕಾಗದ ನೇರವಾಗಿ ತುಂಡಾಗುವುದಿಲ್ಲ. ಕಾಲೇಜಿನಲ್ಲಿ ಕಪ್ಪೆ ಕೊಯ್ಯುವುದು ನಿಂತ ಮೇಲೆ ಆ ಕತ್ತರಿಗೆ ಬೇರೆ ಕೆಲಸ ಇರಲಿಲ್ಲ. ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಮುಂಚೆ ಅವರು ಪತ್ರಿಕೆಯ ಜಿಲ್ಲಾ ಪುಟ ಬಿಡಿಸಿ, ಹೊಡೆದಾಟ, ಇರಿತ, ಕಳ್ಳತನದ ಸುದ್ದಿಗಳನ್ನು ಕತ್ತರಿಸಿ ಉದ್ದನೆಯ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಗ್ರಂಥಿಯ ಹೆಸರು ಬರೆಯುತ್ತಿದ್ದರು. ಅಡ್ರಿನಲ್. ಥೈರಾಯ್ಡ್. ವೃಷಣ. ಅಪರೂಪಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಮೂಡುಬಿದಿರೆಯ ಕಾಲೇಜೊಂದರಲ್ಲಿ ನನಗೆ ಐದು ವರ್ಷ ಪ್ರಾಣಿಶಾಸ್ತ್ರ ಕಲಿಸಿದವರು ಅವರು. ನಾವು ಅವರನ್ನು ಗ್ರಂಥಿ ಸರ್ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು, ಇಷ್ಟವೂ ಇತ್ತು. ಕಳೆದ ತಿಂಗಳು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದನ್ನು ನೋಡಿಕೊಳ್ಳುತ್ತಿರುವ ನನ್ನ ಸಹಪಾಠಿ ಫೋನ್ ಮಾಡಿದಳು.

"ಎರಡು ಪುಟ ಸಾಕು ಮಾರಾಯ್ತಿ. ಸ್ವಲ್ಪ ನಗು ಬರುವ ಹಾಗೆ ಇರಲಿ. ಆ ಗ್ರಂಥಿ ಪುಸ್ತಕದ ಕಥೆ ಬರಿ. ನೀನೇ ಅಲ್ವ ಅವರ ಪೆಟ್?"

ಬರೆಯುತ್ತೇನೆ ಎಂದೆ. ಹಾಗೆ ಬರೆಯುತ್ತಿರುವುದು ಇದು. ಅವಳು ಹಾಕಿಕೊಳ್ಳುತ್ತಾಳೋ ಇಲ್ಲವೋ ತಿಳಿಯದು.

ನಗು ಬರುವ ಸಂಗತಿಗಳಿಗೆ ಕೊರತೆ ಇಲ್ಲ. ಒಮ್ಮೆ ಬೆಳ್ತಂಗಡಿ ಕಡೆಗೆ ಹೊಳೆಯ ಜೀವಿಗಳನ್ನು ನೋಡಲು ಹೋದಾಗ ನಮ್ಮ ಬಸ್ಸಿನ ಡ್ರೈವರು ಮುಂದಿನ ಬಸ್ಸಿನವನಿಗೆ ಒಂದು ಮೈಲಿ ಉದ್ದ ಬೈದ. ಸರ್ ನಮ್ಮ ಕಡೆ ತಿರುಗಿ, "ಯಾವುದು?" ಎಂದರು. ಇಡೀ ಬಸ್ಸು "ಅಡ್ರಿನಲ್!" ಎಂದು ಕೂಗಿತು. ಡ್ರೈವರು ಕನ್ನಡಿಯಲ್ಲಿ ನೋಡಿ, "ಎಂತ ಸರ್, ನನಗೆ ಬೈಯುವುದಾ?" ಎಂದು ಕೇಳಿದ. "ಇಲ್ಲ ಮಾರಾಯ, ನಿನ್ನದು ತಪ್ಪಿಲ್ಲ ಅಂತ ಹೇಳ್ತಾ ಇದ್ದೇವೆ" ಎಂದರು ಸರ್. ಅವನಿಗೆ ಅದು ಹಿಡಿಸಲಿಲ್ಲ. "ತಪ್ಪು ಉಂಟು ಸರ್ ಅವನದ್ದು. ಸೈಡ್ ಕೊಡುವುದಿಲ್ಲ ಅಂದ್ರೆ ಎಂತ?" ಎಂದು ಗೊಣಗಿದ. ನಾವು ನಕ್ಕೆವು. ಆ ಡ್ರೈವರನ ಮಾತನ್ನು ನಾನು ಅರ್ಥ ಮಾಡಿಕೊಂಡದ್ದು ಬಹಳ ತಡವಾಗಿ.

ನಿನ್ನದು ತಪ್ಪಿಲ್ಲ. ಇದು ಅವರು ಜನರಿಗೆ ಕೊಡುತ್ತಿದ್ದ ದೊಡ್ಡ ಉಡುಗೊರೆ. ಸಿಟ್ಟಿನವನಿಗೆ, ಕದ್ದವನಿಗೆ, ಪರೀಕ್ಷೆಯಲ್ಲಿ ಚೀಟಿ ಇಟ್ಟವನಿಗೆ ಕೂಡ. ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, "ಮನುಷ್ಯ ಕೆಟ್ಟವನಲ್ಲ, ರಕ್ತದಲ್ಲಿ ಒಂದು ಹನಿ ಹೆಚ್ಚು ಕಡಿಮೆ ಅಷ್ಟೆ" ಎನ್ನುತ್ತಿದ್ದರು. ಧ್ವನಿ ಏರಿಸಿದ್ದನ್ನು ನಾನು ಕಂಡಿಲ್ಲ.

ನನ್ನನ್ನು ಅವರ ಕಡೆ ಎಳೆದದ್ದು ಗ್ರಂಥಿಯಲ್ಲ, ಕತ್ತರಿ. ಸುದ್ದಿ ಅಂಟಿಸುವ ಮುಂಚೆ ಅವರು ಅದರಲ್ಲಿರುವ ಹೆಸರುಗಳನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದರು. ಹೊಡೆದವನ ಹೆಸರು, ಹೊಡೆಸಿಕೊಂಡವನ ಹೆಸರು, ಊರು. ಆ ಪುಟಗಳು ಹುಳ ತಿಂದ ಎಲೆಗಳ ಹಾಗೆ ಕಾಣುತ್ತಿದ್ದವು. ನಮ್ಮ ಜಿಲ್ಲೆಯಲ್ಲಿ ಇಂಥ ಸುದ್ದಿ ಓದುವವರು ಮೊದಲು ಹುಡುಕುವುದು ಹೆಸರನ್ನು. ಯಾರ ಪೈಕಿ ಎಂದು ಗೊತ್ತಾದ ಮೇಲೆಯೇ ಬೇಸರಪಡಬೇಕೋ ಬೇಡವೋ ಎಂಬ ತೀರ್ಮಾನ. ತೋಡಾರಿನ ನಮ್ಮ ಮನೆಯಲ್ಲೂ ಹಾಗೆಯೇ. ಉಮ್ಮ ಪತ್ರಿಕೆ ಕೈಗೆ ಬಂದ ಕೂಡಲೇ, "ನಮ್ಮವರದ್ದು ಇಲ್ಲ ಅಲ್ವ?" ಎಂದು ಕೇಳುತ್ತಿದ್ದರು. ತಲೆವಸ್ತ್ರ ಹಾಕಿಕೊಂಡು ತರಗತಿಯ ಎರಡನೆಯ ಬೆಂಚಿನಲ್ಲಿ ಕೂರುವ ನನಗೆ, ಹೆಸರು ಕತ್ತರಿಸುವ ಮೇಷ್ಟ್ರು ಎಂದರೆ ಏನೆಂದು ಹೇಳಿದರೆ ಎಲ್ಲರಿಗೂ ಅರ್ಥವಾಗಲಿಕ್ಕಿಲ್ಲ.

ಡಿಗ್ರಿ ಮುಗಿದಾಗ ನನಗೆ ಸಂಬಂಧ ನೋಡಿ ಆಗಿತ್ತು. ಸರ್ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಬಾಪ ಅವರಿಗೆ ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟು, "ಹುಡುಗ ದುಬೈಯಲ್ಲಿದ್ದಾನೆ ಸರ್. ಅವನಿಗೆ ಡಿಗ್ರಿ ಆದ್ರೆ ಸಾಕಂತೆ" ಎಂದರು.

"ಅವನಿಗೆ ಸಾಕಿರಬಹುದು. ನನಗೆ ಸಾಕಾಗಲಿಲ್ಲ" ಎಂದರು ಸರ್. ಆಮೇಲೆ ನನ್ನ ಕೈಯನ್ನು ತೋರಿಸಿ ಹೇಳಿದರು: "ಪಿಪೆಟ್ ಹಿಡಿದರೆ ಇವಳ ಕೈ ನಡುಗುವುದಿಲ್ಲ. ಅಳತೆ ತಪ್ಪುವುದಿಲ್ಲ. ಇಂಥ ಕೈ ನನಗೆ ಇಷ್ಟು ವರ್ಷದಲ್ಲಿ ಎರಡೇ ಸಿಕ್ಕಿದ್ದು."

ನಾನು ಎಂ.ಎಸ್ಸಿ. ಸೇರಿದೆ. ಇವತ್ತು ಬಿ.ಸಿ.ರೋಡಿನ ರಕ್ತಪರೀಕ್ಷಾ ಕೇಂದ್ರವೊಂದರಲ್ಲಿ ನನ್ನ ಸಹಿಯಿಲ್ಲದೆ ವರದಿ ಹೊರಗೆ ಹೋಗುವುದಿಲ್ಲ ಎಂದಾದರೆ, ಆ ಬೊಂಡ ಕುಡಿದ ಮಧ್ಯಾಹ್ನವೇ ಕಾರಣ. ಈ ಋಣವನ್ನು ಮೊದಲೇ ಹೇಳಿಬಿಡಬೇಕಿತ್ತು, ಹೇಳಿದ್ದೇನೆ.

ಇನ್ನು ಗುಲಾಬಿಯಕ್ಕನ ವಿಷಯ.

ಗುಲಾಬಿಯಕ್ಕ ನಮ್ಮ ಲ್ಯಾಬಿನ ಅಟೆಂಡರ್. ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರಿ. ಫಾರ್ಮಾಲಿನ್ ಬಾಟಲಿಗಳನ್ನು ಒರೆಸುವುದು, ಮೇಣ ಹಾಕಿದ ಎನಾಮೆಲ್ ಟ್ರೇಗಳನ್ನು ತೊಳೆಯುವುದು, ನಮಗೆ ಜಿರಳೆ ಹಿಡಿದು ಕೊಡುವುದು ಅವಳ ಕೆಲಸ. "ಎಂಥ ಮಕ್ಕಳಪ್ಪ ನೀವು, ಮನೆಯಲ್ಲಿ ಜಿರಳೆ ಕಂಡ್ರೆ ಬೊಬ್ಬೆ, ಇಲ್ಲಿ ಅದರ ಬಾಯಿ ಬಿಡಿಸಿ ನೋಡುವುದು" ಎನ್ನುತ್ತಿದ್ದಳು. ಅವಳ ಗಲ್ಲದಲ್ಲಿ ಕೆಲವು ಗಟ್ಟಿ ಕೂದಲುಗಳಿದ್ದವು. ಅವನ್ನು ಅವಳು ಅಡಗಿಸುತ್ತಿರಲಿಲ್ಲ. ನನಗೂ ಇವೆ. ನಾನು ಪ್ರತಿ ಶುಕ್ರವಾರ ಬೆಳಿಗ್ಗೆ ಕಿತ್ತು ತೆಗೆಯುತ್ತೇನೆ. ಈ ವಾಕ್ಯವನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ನನ್ನ ಪ್ರಬಂಧಕ್ಕೆ ಸರ್ ಕೊಟ್ಟ ವಿಷಯ ಹೆಂಗಸರ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಮತ್ತು ಸಿಟ್ಟು. ಹನ್ನೆರಡು ಹುಡುಗಿಯರ ರಕ್ತ, ಅವರೇ ತುಂಬಿದ ಪ್ರಶ್ನಾವಳಿ. ಹೆಸರಿಲ್ಲ, ಸಂಖ್ಯೆ ಮಾತ್ರ. ಹನ್ನೆರಡು ಜನ ಸಿಗದೆ ನಾನೂ ಒಬ್ಬಳಾದೆ. ನಮ್ಮ ಲ್ಯಾಬಿನಲ್ಲಿ ಅದು ರೂಢಿ. ನನ್ನ ಸಂಖ್ಯೆ ಏಳು. ಫಲಿತಾಂಶ ಬಂದಾಗ ಏಳನೆಯದು ಎಲ್ಲಕ್ಕಿಂತ ಮೇಲಿತ್ತು, ಬಹಳ ಮೇಲಿತ್ತು. ಕಾರಣ ನನಗೆ ಗೊತ್ತಿತ್ತು. ಅಂಡಾಶಯದಲ್ಲಿ ಗುಳ್ಳೆಗಳಿವೆ, ಇದು ಎಷ್ಟೋ ಹುಡುಗಿಯರಿಗೆ ಇರುವುದೇ ಎಂದು ಲೇಡಿ ಡಾಕ್ಟರು ಆಗಲೇ ಹೇಳಿದ್ದರು. ಆದರೂ ಪರೀಕ್ಷೆಯನ್ನು ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

ಸರ್ ಪಟ್ಟಿ ನೋಡಿದರು. "ಈ ಏಳನೆಯವಳು ಪ್ರಶ್ನಾವಳಿಯಲ್ಲಿ ಎಷ್ಟು ಶಾಂತವಾಗಿ ಉತ್ತರ ಬರೆದಿದ್ದಾಳೆ ನೋಡು. ಇವಳಿಗೆ ಇಷ್ಟು ಬರಲಿಕ್ಕೆ ಸಾಧ್ಯವೇ ಇಲ್ಲ. ಪಿಪೆಟ್ ತಪ್ಪಿರಬೇಕು. ತೆಗೆದುಬಿಡು."

ನನ್ನ ಕೈ ತಪ್ಪುವುದಿಲ್ಲ ಎಂದು ಬಾಪನ ಎದುರು ಸಾಕ್ಷಿ ಹೇಳಿದವರು ಅವರೇ. ನಾನು "ಸರಿ ಸರ್" ಎಂದೆ. ಇಲ್ಲ ಎಂದರೆ ಏಳು ಯಾರು ಎಂದು ಕೇಳುತ್ತಿದ್ದರು. ಏಳನೆಯ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ.

ಮೂರು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಗುಲಾಬಿಯಕ್ಕ ಎನಾಮೆಲ್ ಟ್ರೇಯಿಂದ ಸ್ಟೋರ್ ಕ್ಲಾರ್ಕಿನ ಹಣೆಗೆ ಹೊಡೆದಳು. ಎಡ ಹುಬ್ಬು ಸೀಳಿ ಹೊಲಿಗೆ ಬಿತ್ತು.

ಸ್ಟೋರ್ ಕ್ಲಾರ್ಕ್ ಎಂಥವನೆಂದು ನಮ್ಮ ವಿಭಾಗದ ಪ್ರತಿ ಹುಡುಗಿಗೂ ಗೊತ್ತಿತ್ತು. ಕೆಮಿಕಲ್ ತರಲು ಹೋದರೆ ಅವನು ಬಾಗಿಲಲ್ಲಿ ಒಂದು ಕೈ ಚಾಚಿ ನಿಲ್ಲುತ್ತಿದ್ದ. ಒಳಗೆ ಹೋಗಬೇಕಾದರೆ ಆ ಕೈಯ ಕೆಳಗೆ ಬಗ್ಗಬೇಕು, ಬಗ್ಗಿದಾಗ ಆ ಕೈ ಇಳಿಯುತ್ತದೆ. ಹಾಗಾಗಿ ನಾವು ಇಬ್ಬಿಬ್ಬರೇ ಹೋಗುತ್ತಿದ್ದೆವು. ಯಾರೂ ಇದನ್ನು ಮಾತಾಗಿ ಆಡಿರಲಿಲ್ಲ. "ಸ್ಟೋರಿಗೆ ಹೋಗುವ, ಬಾ" ಎಂದರೆ ಸಾಕಿತ್ತು. ಗುಲಾಬಿಯಕ್ಕನಿಗೆ ಜೊತೆಗೆ ಕರೆಯಲು ಯಾರೂ ಇರಲಿಲ್ಲ.

ಸರ್ ಅವಳ ಪರ ನಿಂತರು. ಇದನ್ನು ಒತ್ತಿ ಹೇಳುತ್ತೇನೆ. ಪೊಲೀಸಿಗೆ ಕೊಡಬೇಕು ಎಂದು ಆಫೀಸಿನವರೆಲ್ಲ ಹಾರಾಡುತ್ತಿದ್ದಾಗ ಅವಳನ್ನು ಉಳಿಸಲು ಹೊರಟವರು ಅವರೊಬ್ಬರೇ. ಅವರಿಗೆ ಗೊತ್ತಿದ್ದ ದಾರಿ ಒಂದೇ. ಅವಳ ಗಲ್ಲ ನೋಡಿದ್ದರು. ನನ್ನನ್ನು ಕರೆದು, "ಗುಲಾಬಿಯ ರಕ್ತ ತೆಗೆಸಿದ್ದೇನೆ. ನಿನ್ನ ಹನ್ನೊಂದು ನಾರ್ಮಲ್ ಉಂಟಲ್ಲ, ಅದರ ಪಕ್ಕದಲ್ಲಿ ಇಟ್ಟು ನೋಡುವ" ಎಂದರು.

ಇಟ್ಟು ನೋಡಿದೆ. ಗುಲಾಬಿಯಕ್ಕ ಆ ಹನ್ನೊಂದೂ ಮಂದಿಗಿಂತ ಮೇಲಿದ್ದಳು. ಏಳನೆಯವಳಿಗಿಂತ ಕೆಳಗಿದ್ದಳು. ಆದರೆ ಏಳು ಪಟ್ಟಿಯಲ್ಲಿ ಇರಲಿಲ್ಲ.

ವಿಚಾರಣೆ ಪ್ರಾಂಶುಪಾಲರ ಕೋಣೆಯಲ್ಲಿ. ಸಮಿತಿಯವರು ಮೂರು ಜನ, ಸರ್, ಗ್ರಾಫ್ ಹಿಡಿದುಕೊಂಡ ನಾನು, ಹುಬ್ಬಿಗೆ ಪಟ್ಟಿ ಹಾಕಿಕೊಂಡ ಕ್ಲಾರ್ಕ್, ಗೋಡೆಗೆ ಒರಗದೆ ನಿಂತ ಗುಲಾಬಿಯಕ್ಕ. ಸರ್ ಇಪ್ಪತ್ತು ನಿಮಿಷ ಮಾತಾಡಿದರು. ಅವರ ಅತ್ಯುತ್ತಮ ಪಾಠಗಳಲ್ಲಿ ಅದೂ ಒಂದು. ಹಾರ್ಮೋನು ಹೇಗೆ ಮಿದುಳಿನ ಒಂದು ಬಾದಾಮಿಯಷ್ಟು ಜಾಗವನ್ನು ಕೆರಳಿಸುತ್ತದೆ, ಹೇಗೆ ಕೈ ಏಳುವ ಮುಂಚೆ ರಕ್ತ ಎದ್ದಿರುತ್ತದೆ ಎಂದು. ಕೊನೆಗೆ, "ಇದು ಅಪರಾಧವಲ್ಲ, ಇದು ಕಾಯಿಲೆ. ಹೊಡೆದದ್ದು ಗುಲಾಬಿ ಅಲ್ಲ" ಎಂದರು.

"ನಾನೇ ಸರ್" ಎಂದಳು ಗುಲಾಬಿಯಕ್ಕ.

"ನೀನು ಸುಮ್ಮನಿರು. ನಿನ್ನ ಒಳ್ಳೆಯದಕ್ಕೆ ಹೇಳುವುದು."

"ಸುಮ್ಮನೆ ಇರ್ತೇನೆ. ಒಂದು ಮಾತು. ಹೊಡೆದದ್ದು ನಾನು, ಗೊತ್ತಿದ್ದೇ ಹೊಡೆದದ್ದು. ಯಾಕೆ ಹೊಡೆದೆ ಅಂತ ಇಷ್ಟು ಜನ ಇದ್ದೀರಿ, ಒಬ್ಬರಾದ್ರೂ ಕೇಳಿ."

ಯಾರೂ ಕೇಳಲಿಲ್ಲ. ಪ್ರಾಂಶುಪಾಲರು ನೀರು ಕುಡಿದರು. ಅವಳು ನನ್ನ ಕಡೆ ತಿರುಗಿದಳು. "ನೀವು ಹೇಳಿ ತಂಗಿ. ನಿಮಗೆ ಗೊತ್ತುಂಟಲ್ಲ."

ನಾನು ಗ್ರಾಫ್ ನೋಡಿದೆ. "ಇದರಲ್ಲಿ ಇರುವುದು ಇಷ್ಟೇ" ಎಂದೆ.

ಕ್ಲಾರ್ಕ್ ಕೈ ಮುಗಿದು, "ನನಗೆ ದೂರು ಇಲ್ಲ ಸರ್. ಪಾಪ, ಅವಳಿಗೆ ಆರೋಗ್ಯ ಸರಿ ಇಲ್ಲ ಅಲ್ವ" ಎಂದ. ಎಲ್ಲರಿಗೂ ಸಮಾಧಾನವಾಯಿತು. ಪೊಲೀಸು ಬೇಡ, ಮಹಿಳಾ ದೂರು ಸಮಿತಿಯ ಫೈಲು ತೆರೆಯುವುದೂ ಬೇಡ. ರಕ್ತಕ್ಕೆ ಕಾರಣ ಸಿಕ್ಕಿದ ಮೇಲೆ ಮನುಷ್ಯರಿಗೆ ಕಾರಣ ಯಾಕೆ? ಸ್ಟೋರಿನವನ ರಕ್ತವನ್ನು ತೆಗೆಸಬೇಕೆಂದು ಸರ್‌ಗೂ ಹೊಳೆಯಲಿಲ್ಲ. ಬಾಗಿಲಲ್ಲಿ ಕೈ ಚಾಚುವುದಕ್ಕೆ ಯಾವ ಗ್ರಂಥಿಯೂ ಬೇಕಾಗುವುದಿಲ್ಲ ಎಂದೇ ಅವರೆಲ್ಲ ತಿಳಿದಿದ್ದರೇನೋ.

ಹಾರ್ಮೋನಿನಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅದನ್ನು ದಿನಾ ಅಳೆಯುವುದು ನನ್ನ ಉದ್ಯೋಗ. ಹೆಚ್ಚಾದರೆ ನಿದ್ದೆ ಕೆಡುತ್ತದೆ, ಕಡಿಮೆಯಾದರೆ ಮನಸ್ಸು ಕುಸಿಯುತ್ತದೆ, ನಿಜ. ಆದರೆ ಅವಳಿಗಿಂತ ಹೆಚ್ಚು ಇದ್ದದ್ದು ನನ್ನಲ್ಲಿ. ಆ ಕೈಯ ಕೆಳಗೆ ಎಷ್ಟೋ ಸಲ ಬಗ್ಗಿದವಳು ನಾನು. ನನ್ನ ರಕ್ತ ನನ್ನಿಂದ ಒಂದು ಮಾತನ್ನೂ ಆಡಿಸಲಿಲ್ಲ.

ಗುಲಾಬಿಯಕ್ಕನನ್ನು ಕೆಲಸದಿಂದ ಬಿಡಿಸಿದರು. ಕೊಟ್ಟ ಸರ್ವಿಸ್ ಸರ್ಟಿಫಿಕೇಟಿನಲ್ಲಿ, ದೈಹಿಕ ಅಸ್ವಸ್ಥತೆ ಮತ್ತು ಸಹೋದ್ಯೋಗಿಗಳ ಸುರಕ್ಷತೆಯ ಕಾರಣ ಎಂದು ಬರೆದರು. ಜೈಲು ತಪ್ಪಿತು ಎಂದು ಸರ್ ಸಂತೋಷಪಟ್ಟರು. ನಿವೃತ್ತಿಯ ದಿನವೂ ನನ್ನನ್ನು ಬದಿಗೆ ಕರೆದು, "ಗುಲಾಬಿ ಈಗ ಎಲ್ಲಿದ್ದಾಳೆ? ಒಳ್ಳೆ ಹೆಂಗಸು. ಅವಳನ್ನು ಉಳಿಸಿದ್ದು ನನಗೊಂದು ತೃಪ್ತಿ" ಎಂದಿದ್ದರು. ಕಣ್ಣು ಒದ್ದೆಯಾಗಿತ್ತು. ಅವರು ಸುಳ್ಳು ಹೇಳುವವರಲ್ಲ. ಅದೇ ಕಷ್ಟ.

ಶನಿವಾರ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಮುಗಿದ ಮೇಲೆ ಸರ್ ಅವರ ಹೆಂಡತಿ ನನ್ನ ಕೈಗೆ ಒಂದು ಬಟ್ಟೆ ಚೀಲ ಕೊಟ್ಟರು. "ಇದು ನಿನಗೆ ಅಂತ ಹೇಳಿದ್ದರು. ಚಂದ ಅಕ್ಷರದವಳಿಗೆ ಕೊಡು, ಮುಂದುವರಿಸಲಿ ಅಂತ." ಒಳಗೆ ಆ ಉದ್ದನೆಯ ನೋಟ್‌ಬುಕ್.

ತೋಡಾರಿನ ಮನೆಗೆ ಹೋಗಿ ತೆರೆದೆ. ತೂತು ತೂತಾದ ಪುಟಗಳು. ಮಧ್ಯದಲ್ಲಿ ಒಂದು ಪುಟದಲ್ಲಿ ಪತ್ರಿಕೆಯ ತುಂಡಿರಲಿಲ್ಲ. ಗುಲಾಬಿಯಕ್ಕನ ಸುದ್ದಿ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲವಲ್ಲ. ಸರ್ ತಾವೇ ನಾಲ್ಕು ಸಾಲು ಬರೆದಿದ್ದರು, ಹೆಸರಿನ ಜಾಗ ಖಾಲಿ ಬಿಟ್ಟು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ: ಅಂಡಾಶಯ. ನಿರಪರಾಧಿ. ಕೆಳಗೆ ನನ್ನ ಪಟ್ಟಿಯನ್ನು ಅಂಟಿಸಿದ್ದರು, ನನ್ನ ಚಂದದ ಅಕ್ಷರ, ಏಳನೆಯ ಸಾಲಿನ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ. ಪೆನ್ಸಿಲ್ ಗೆರೆ. ಗೆರೆಯಡಿಯ ಅಂಕಿ ಈಗಲೂ ಓದಲು ಬರುತ್ತದೆ. ಅವರು ಅದನ್ನು ಮತ್ತೆ ಓದಿದ ಹಾಗಿಲ್ಲ.

ಭಾನುವಾರ ವಾಮದಪದವಿಗೆ ಹೋದೆ. ಗುಲಾಬಿಯಕ್ಕ ಅಲ್ಲಿ ಹೋಟೆಲೊಂದರ ಹಿಂದೆ ಹಿಟ್ಟು ರುಬ್ಬುತ್ತಾಳೆ ಎಂದು ಕೇಳಿದ್ದೆ. ಇದ್ದಳು. ಕೈ ಒರೆಸಿಕೊಂಡು ನನ್ನನ್ನು ನೋಡಿದಳು.

"ಓ, ಗ್ರಾಫ್ ತಂಗಿ. ಸರ್ ಹೋದರಂತೆ?"

"ಹೌದು."

"ಪಾಪ." ಗ್ರೈಂಡರಿಗೆ ನೀರು ಹಾಕಿದಳು. "ಒಳ್ಳೆಯವರು. ಅವರಿಂದ ನಾನು ಹಾಳಾದೆ."

ಅಂದು ಯಾರೂ ಕೇಳದೆ ಹೋದ ಪ್ರಶ್ನೆಯನ್ನು ಕೇಳಿದೆ. ಅವಳು ಹಿಟ್ಟಿನ ಕಡೆ ನೋಡುತ್ತಲೇ ಹೇಳಿದಳು. ಅವತ್ತು ಸ್ಟೋರಿನವನು ಬಾಗಿಲು ಮುಚ್ಚಿ ಅವಳ ಗಲ್ಲದ ಕೂದಲು ಹಿಡಿದು ಎಳೆದ. "ಗಂಡಸಾ ಹೆಂಗಸಾ ನೀನು? ಬಾಕಿ ಹೇಗುಂಟು ನೋಡುವ ಅಂತ ಸೆರಗಿಗೆ ಕೈ ಹಾಕಿದ. ಟ್ರೇ ಕೈಯಲ್ಲಿತ್ತು. ಅದು ಇರದಿದ್ದರೆ ಬಾಟಲಿಯಲ್ಲಿ ಹೊಡೀತಿದ್ದೆ." ಗ್ರೈಂಡರಿನ ಅಂಚಿನ ಹಿಟ್ಟನ್ನು ಒಳಗೆ ತಳ್ಳಿದಳು. "ಬೆಳ್ತಂಗಡಿಯಲ್ಲಿ ಹಾಸ್ಟೆಲ್ ಅಡುಗೆಗೆ ಜನ ಬೇಕು ಹೇಳಿದರು. ಪಿ.ಎಫ್. ಎಲ್ಲ ಉಂಟು. ಸರ್ಟಿಫಿಕೇಟ್ ನೋಡಿ, ಮಕ್ಕಳ ಹತ್ತಿರ ನಿಮ್ಮನ್ನು ಬಿಡಲಿಕ್ಕೆ ಆಗುವುದಿಲ್ಲ ಅಂದರು. ಸರಿ ಮಾಡಿಸಿ ತಂದರೆ ನೋಡುವ, ಈ ತಿಂಗಳು ಕಾಯ್ತೇವೆ ಅಂತ. ಯಾರು ಸರಿ ಮಾಡುವುದು?"

ನೋಟ್‌ಬುಕ್ ತೆರೆದು ಏಳನೆಯ ಸಾಲು ತೋರಿಸಿದೆ. ಇದು ನಿಮ್ಮದಕ್ಕಿಂತ ಹೆಚ್ಚು, ಇದನ್ನು ಹೊಡೆದುಹಾಕಿದ್ದರಿಂದ ನಿಮ್ಮದು ದೊಡ್ಡದಾಗಿ ಕಂಡಿತು ಎಂದೆ.

"ಯಾರದ್ದು ಇದು?"

"ನನ್ನದು."

ಅವಳು ನನ್ನ ಗಲ್ಲವನ್ನು ನೋಡಿದಳು.

"ನೀವು ಯಾರಿಗಾದ್ರೂ ಹೊಡೆದದ್ದುಂಟಾ?"

"ಇಲ್ಲ."

"ಹೊಡೆಯಬೇಕಿತ್ತು" ಎಂದಳು. "ನನಗಿಂತ ಮುಂಚೆ ನೀವು ಯಾರಾದ್ರೂ ಒಬ್ಬರು ಹೊಡೆದಿದ್ದರೆ ಆಗ್ತಿತ್ತು. ನೀವು ಓದಿದವರು. ನಿಮ್ಮ ರಕ್ತ ತೆಗೀತಿರಲಿಲ್ಲ."

ಪ್ರಾಂಶುಪಾಲರಿಗೆ ಪತ್ರ ಬರೆಯುತ್ತೇನೆ, ನಿಮ್ಮ ಒಪ್ಪಿಗೆ ಬೇಕು ಎಂದೆ. ಅವಳು ಗ್ರೈಂಡರ್ ನಿಲ್ಲಿಸಿದಳು. "ಬರೀರಿ. ಗುಲಾಬಿ ಹೊಡೆಯಲಿಲ್ಲ ಅಂತ ಬರೀಬೇಡಿ. ಗುಲಾಬಿಗೆ ಹುಷಾರಿಲ್ಲ ಅಂತಲೂ ಬೇಡ. ಯಾಕೆ ಹೊಡೆದಳು ಅಂತ ಬರೀರಿ. ಅವನ ಹೆಸರು ಹಾಕಿ. ನನ್ನದೂ ಹಾಕಿ." ಚಹಾ ಕುಡಿಯಿರಿ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮನೆಗೆ ಬಂದು ಸಂಜೆ ಬರೆದೆ. ಒಂದೂವರೆ ಪುಟ. ಏಳನೆಯ ಮಾದರಿ ನನ್ನದು, ಅದನ್ನು ತೆಗೆದುಹಾಕಿದವಳು ನಾನು, ಅಳತೆಯಲ್ಲಿ ತಪ್ಪಿರಲಿಲ್ಲ. ಸ್ಟೋರಿನ ಬಾಗಿಲಲ್ಲಿ ನನಗೆ ಆದದ್ದು ಇದು. ಗುಲಾಬಿಯವರಿಗೆ ಆದದ್ದು, ಅವರ ಮಾತಿನಲ್ಲಿ, ಇದು. ಸರ್ಟಿಫಿಕೇಟಿನ ಆ ಸಾಲು ತೆಗೆಯಬೇಕು, ಅಂದು ತೆರೆಯದ ಫೈಲನ್ನು ತೆರೆಯಬೇಕು. ಹೆಸರುಗಳನ್ನೆಲ್ಲ ಪೂರ್ತಿಯಾಗಿ ಬರೆದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ರಜೆ ಹಾಕಿ ಮೂಡುಬಿದಿರೆಗೆ ಹೋದೆ. ಕಾಲೇಜಿನ ಟಪಾಲು ಕೌಂಟರಿನಲ್ಲಿ ಈಗ ಕೂತಿರುವುದು ಅವನೇ. ಬಡ್ತಿ ಸಿಕ್ಕಿದೆ. ಎಡ ಹುಬ್ಬಿನ ನಡುವೆ ಕೂದಲು ಬಾರದ ಒಂದು ಗೆರೆ. ಪತ್ರದ ಎರಡು ಪ್ರತಿಗಳನ್ನು ಅವನ ಮುಂದೆ ಇಟ್ಟೆ. ಅವನು ಮೊದಲ ಪುಟ ಓದಿದ, ತಿರುಗಿಸಿ ಎರಡನೆಯದನ್ನೂ ಓದಿದ.

"ಸರ್ ತೀರಿಕೊಂಡರಲ್ಲ ಮೇಡಂ. ಈಗ ಇದೆಲ್ಲ ಎಂತಕ್ಕೆ?"

"ಸೀಲ್ ಹಾಕಿ."

"ಒಳಗೆ ಒಮ್ಮೆ ಕೇಳಿ ಬರ್ತೇನೆ."

"ಟಪಾಲಿಗೆ ಸೀಲ್ ಹಾಕಲಿಕ್ಕೆ ಕೇಳಲಿಕ್ಕಿಲ್ಲ. ಹಾಕಿ."

ನನ್ನ ಹಿಂದೆ ಅರ್ಜಿ ಹಿಡಿದುಕೊಂಡು ಇಬ್ಬರು ಹುಡುಗಿಯರು ಬಂದು ನಿಂತರು. ಇಬ್ಬರೇ, ಜೊತೆಯಾಗಿ. ಅವನು ಅವರನ್ನು ನೋಡಿದ, ನನ್ನನ್ನು ನೋಡಿದ, ಸ್ವೀಕೃತಿಯ ಸೀಲ್ ತೆಗೆದು ನನ್ನ ಪ್ರತಿಯ ಮೇಲೆ ಒತ್ತಿದ. ಎತ್ತಿ ಬೆಳಕಿಗೆ ಹಿಡಿದು ನೋಡಿದೆ.

"ತಾರೀಕು ಮೂಡಲಿಲ್ಲ" ಎಂದೆ. "ಇನ್ನೊಮ್ಮೆ ಒತ್ತಿ."

ಒತ್ತಿದ.